ಏರ್ ರೈಫಲ್‌ಗೆ ಹೊಸ ಸ್ಪ್ರಿಂಗು ಹಾಕಿದ ಮೇಲೆ ಗುರಿ ಚದುರುತ್ತಿದೆ

ತೀರ್ಥಹಳ್ಳಿ ಹುಡುಗ:
ನಮಸ್ಕಾರ. ನನ್ನದು ಬ್ಯಾರಲ್ ಮಡಚಿ ಲೋಡ್ ಮಾಡೋ 0.177 ಇಂಚಿನ ಏರ್ ರೈಫಲ್. ಹಳೇ ಸ್ಪ್ರಿಂಗು ಸೋತಿತ್ತು, ಗಟ್ಟಿಯಾದ್ದೊಂದು ತಂದು ಮನೆಯಲ್ಲೇ ಜೋಡಿಸಿದೆ. ಈಗ ಹತ್ತು ಮೀಟರಿಗೇ ಪೆಲೆಟ್ (ಸಣ್ಣ ಗುಂಡು)‌ಗಳು ಚೆಲ್ಲಾಪಿಲ್ಲಿ. ಹೊಡೆದಾಗ ತಂಬೂರಿ ಮೀಟಿದ ಹಾಗೆ ಝಂಯ್ ಅನ್ನುತ್ತೆ, ಕೆಲವು ಸಲ ಹೊಗೆ ಬೇರೆ. ಇನ್ನೂ ಗಟ್ಟಿ ಸ್ಪ್ರಿಂಗು ಹಾಕಬೇಕಾ?

ಹಳೇ ಫಿಟ್ಟರ್:
ಬೇಡಪ್ಪಾ, ದಯವಿಟ್ಟು ಬೇಡ. ಸ್ಪ್ರಿಂಗಿಗೆ ಬೇಕಾದ್ದು ಬಲಕ್ಕಿಂತ ಹೆಚ್ಚಾಗಿ ಪ್ರತಿ ಸಲವೂ ಒಂದೇ ಥರದ ಓಟ. ಟ್ರಿಗರ್ ಒತ್ತಿದಾಗ ಸ್ಪ್ರಿಂಗು ತಳ್ಳಿ ಪಿಸ್ಟನ್ ಗಾಳಿಯನ್ನು ಒತ್ತುತ್ತಾ ಮುಂದೆ ಹೋಗುತ್ತೆ, ರೈಫಲ್ ಹಿಂದಕ್ಕೆ ಒದೆಯುತ್ತೆ. ಕೊನೆಗೆ ಒತ್ತಿದ ಗಾಳಿ ಮೆತ್ತೆಯ ಹಾಗೆ ಪಿಸ್ಟನ್ನನ್ನು ತಡೆದಾಗ ರೈಫಲ್ ಮುಂದಕ್ಕೆ ಜಿಗಿಯುತ್ತೆ. ಸ್ಪ್ರಿಂಗು ಅತಿಯಾದರೆ ಈ ಎರಡು ಏಟೂ ಜೋರಾಗುತ್ತವೆ, ಪಿಸ್ಟನ್ ಪುಟಿದು ವಾಪಸ್ ಬರುತ್ತೆ. ವೇಗ ಹೆಚ್ಚೇನೂ ಏರಲ್ಲ, ಗುರಿ ಮಾತ್ರ ಹಾಳು.

ಝಂಯ್ ಅನ್ನೋದು ಸಾಮಾನ್ಯವಾಗಿ ಒಳಗಿನ ಗೈಡ್, ಅಂದರೆ ಸ್ಪ್ರಿಂಗನ್ನು ನೆಟ್ಟಗೆ ಹಿಡಿಯೋ ಕಡ್ಡಿ, ಸಡಿಲ ಇದ್ದಾಗ. ಸ್ಪ್ರಿಂಗಿಗೆ ಬಿಗಿಯಾಗಿ ಕೂರುವ ಗೈಡ್ ಹಾಕಿ, ದಪ್ಪನೆಯ ಗ್ರೀಸ್ ತೆಳ್ಳಗೆ ಸವರಿ. ಸ್ಪ್ರಿಂಗಿನ ಎರಡೂ ತುದಿ ಸಮತಟ್ಟಾಗಿದೆಯಾ, ಗಾಜಿನ ಮೇಲೆ ನಿಲ್ಲಿಸಿ ನೋಡಿ. ವಾಲಿದರೆ ಬೇರೆ ತನ್ನಿ.

ಹೊಗೆ ಬರೋದು ಪಿಸ್ಟನ್ ಮುಂದೆ ಎಣ್ಣೆ ಸೇರಿ ಉರಿಯೋದ್ರಿಂದ. ಹೊಲಿಗೆ ಯಂತ್ರದ ಎಣ್ಣೆ, ಇಂಜಿನ್ ಎಣ್ಣೆ ಆ ಕಡೆ ಸುಳಿಯಲೇಬಾರದು.

ಬೆಂಗಳೂರು ರೇಂಜ್:
ಅಣ್ಣ ಹೇಳಿದ್ದು ಸರಿ. ಪರೀಕ್ಷೆಗೆ ಯಾರಾದರೂ ಕ್ಲಬ್ಬಿನವರ ಕ್ರೊನೊಗ್ರಾಫ್ (ಪೆಲೆಟ್ ವೇಗ ಅಳೆಯೋ ಯಂತ್ರ) ಕೇಳಿ. ಒಂದೇ ಡಬ್ಬಿಯ ಪೆಲೆಟ್‌ನಲ್ಲಿ ಹತ್ತು ಹೊಡೆದು, ಅತಿ ಹೆಚ್ಚಿನ ವೇಗಕ್ಕೂ ಅತಿ ಕಡಿಮೆ ವೇಗಕ್ಕೂ ಎಷ್ಟು ಅಂತರ ಅಂತ ನೋಡಿ, ಕಡಿಮೆ ಇದ್ದಷ್ಟೂ ಒಳ್ಳೇದು. ಕಾನೂನೂ ನೆನಪಿರಲಿ. 2016ರ ಆಯುಧ ನಿಯಮದಲ್ಲಿ ಲೈಸೆನ್ಸ್ ಬೇಡದ ಏರ್ ರೈಫಲ್‌ಗೆ ಪೆಲೆಟ್ ಹೊರಬರುವಾಗಿನ ಶಕ್ತಿ 20 ಜೂಲ್ ಮಿತಿ. 8 ಗ್ರೇನ್ ಪೆಲೆಟ್ ಅಂದರೆ ಸುಮಾರು 0.52 ಗ್ರಾಂ. ಸೆಕೆಂಡಿಗೆ 200 ಮೀಟರ್ ಹೋದರೆ 10 ಜೂಲ್ ಚಿಲ್ಲರೆ, 277 ಮೀಟರ್ ಮುಟ್ಟಿದರೆ ಮಿತಿಯ ಅಂಚಿಗೇ ಬಂದಿರಿ.

ತೀರ್ಥಹಳ್ಳಿ ಹುಡುಗ:
ಥ್ಯಾಂಕ್ಸ್ ಅಣ್ಣಾ. ಭಾನುವಾರ ಬಿಚ್ಚುತ್ತೇನೆ. ಪೆಲೆಟ್ ಇಲ್ಲದೆ ಒಂದೆರಡು ಸಲ ಹೊಡೆದು ಸದ್ದು ಕೇಳಬಹುದಾ?

ಹಳೇ ಫಿಟ್ಟರ್:
ಬೇಡವೇ ಬೇಡ. ಮುಂದೆ ಪೆಲೆಟ್ ಇಲ್ಲದಿದ್ದರೆ ಗಾಳಿಯ ಮೆತ್ತೆಯೂ ಇಲ್ಲ. ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿದು ಸೀಲ್ ಹೋಗುತ್ತೆ, ಸ್ಪ್ರಿಂಗೂ ಮುರಿಯಬಹುದು. ಬಿಚ್ಚೋ ಮೊದಲು ಲೋಡ್ ಇಲ್ಲ, ಕಾಕ್ ಆಗಿಲ್ಲ (ಹೊಡೆಯಲು ಸ್ಪ್ರಿಂಗು ಎಳೆದು ನಿಲ್ಲಿಸಿಲ್ಲ) ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೂ ಸ್ಪ್ರಿಂಗು ಒಳಗೆ ಒತ್ತಡದಲ್ಲೇ ಕೂತಿರುತ್ತೆ. ಹಿಂದಿನ ಪಿನ್ನು ತೆಗೆದರೆ ಅದು ಹಿಡಿದಿದ್ದ ಹಿಂದಿನ ತುಂಡು ಮುಖಕ್ಕೆ ಹಾರುತ್ತೆ. ಸ್ಪ್ರಿಂಗ್ ಒತ್ತೋ ಕ್ಲಾಂಪ್ ಇಲ್ಲದಿದ್ದರೆ ಭಾನುವಾರದ ಕೆಲಸ ಮುಂದಕ್ಕೆ ಹಾಕಿ. ಜೋಡಿಸಿದ ಮೇಲೆ ಪೆಲೆಟ್ ತುಂಬುವಾಗ ಇನ್ನೊಂದು ಕೈ ಬ್ಯಾರಲ್ ಬಿಡಬಾರದು, ಹಿಡಿತ ಜಾರಿದರೆ ಬೆರಳು ಉಳಿಯಲ್ಲ. ಮೊದಲ ಕೆಲವು ಹೊಡೆತಗಳಲ್ಲಿ ವೇಗ ಸ್ವಲ್ಪ ಇಳಿಯುತ್ತೆ, ಅದು ನಿಂತ ಮೇಲೆ ಅಳೆದು ಅಂಕಿ ಇಲ್ಲಿ ಹಾಕಿ, ನೋಡೋಣ.