ಬೆಂಗಳೂರಿನ ಬಾಡಿಗೆ ಫ್ಲ್ಯಾಟಿಗೆ ನಾಯಿ, ಕೋಳಿ, ಗಿಣಿ ತರಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಹಾಸನದ ಕಡೆಯಿಂದ ಬೆಂಗಳೂರಿಗೆ ಬರ್ತಿದ್ದೀವಿ. ಮೂರನೇ ಮಹಡಿ, ಬಾಡಿಗೆ ಫ್ಲ್ಯಾಟ್. ನಾಲ್ಕು ವರ್ಷದ ನಾಟಿ ನಾಯಿ, ಐದು ಹೇಂಟೆ, ಒಂದು ಹುಂಜ, ಪಂಜರದಲ್ಲಿ ಗಿಣಿ ಇದಾವೆ. ಅತ್ತೆಗೆ ಗಿಣಿ ಅಂದ್ರೆ ಪ್ರಾಣ. ಯಾವುದಕ್ಕೆ ಅನುಮತಿ ಇದೆ? ತಿಳಿದವರು ಹೇಳಿ.

ಉತ್ತರ: ಮೊದಲು ಗಿಣಿ ವಿಷಯ. ಕೆಂಪು ಕೊಕ್ಕಿನ ಹಸಿರು ಗಿಣಿ ನಮ್ಮ ಕಾಡಿನದ್ದೇ ಆದರೆ ಅದನ್ನು ಮನೆಯಲ್ಲಿಡೋದು ಅಪರಾಧ. ಹಳ್ಳಿಯಲ್ಲೂ ಅಷ್ಟೇ, ಸಿಟಿಯಲ್ಲೂ ಅಷ್ಟೇ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತೆ. 2022ರ ತಿದ್ದುಪಡಿ ಆದ ಮೇಲೆ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದ್ರೆ ರಕ್ಷಿತ ಜೀವಿಗಳ ಪಟ್ಟಿಯಲ್ಲಿದೆ. ಭುಜದ ಮೇಲೆ ಕೆಂಪು ಮಚ್ಚೆ ಇರುವ ದೊಡ್ಡ ಗಿಣಿ, ಮೈನಾ, ನಕ್ಷತ್ರ ಆಮೆ ಇವನ್ನೂ ಇಟ್ಟುಕೊಳ್ಳೋ ಹಾಗಿಲ್ಲ.

ದಯವಿಟ್ಟು ಕಿಟಕಿ ತೆಗೆದು ಹಾರಿಬಿಡಬೇಡಿ. ಪಂಜರದಲ್ಲಿ ಬೆಳೆದ ಹಕ್ಕಿಯ ರೆಕ್ಕೆಗೆ ಬಲ ಇರಲ್ಲ, ಕಾಗೆಗಳು ಅಟ್ಟಿಸಿಕೊಂಡು ಬಂದು ಕುಕ್ಕುತ್ತವೆ. ರೆಕ್ಕೆ ಕತ್ತರಿಸಿದ್ದರೆ ಗರಿ ಉದುರಿ ಹೊಸದು ಬರೋವರೆಗೆ ಹಾರೋಕೇ ಆಗಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಒಪ್ಪಿಸುತ್ತೇವೆ ಅಂತ ಹೇಳಿ. ಒಯ್ಯುವಾಗ ತಂತಿ ಪಂಜರ ಬೇಡ, ಬಾಲದ ಗರಿ ಸಿಕ್ಕಿ ಮುರಿಯುತ್ತೆ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಕೆಳಗೆ ಹಳೇ ಟವಲ್ ಹಾಸಿ, ಮುಚ್ಚಳ ಮುಚ್ಚಿ. ಕತ್ತಲಲ್ಲಿ ಹಕ್ಕಿ ಗಾಬರಿಯಾಗಲ್ಲ. ಅತ್ತೆಯವರಿಗೆ ಇದು ನಿಜಕ್ಕೂ ಸಂಕಟದ ಮಾತು. ಜಾಗ ಬದಲಿಸುವ ಮುಂಚೆಯೇ ಹೇಳಿಬಿಡಿ.

ಉತ್ತರ: ನಾಯಿ ವಿಷಯದಲ್ಲಿ ಹೆದರಬೇಡಿ. ಸಾಕುಪ್ರಾಣಿ ಇಡಲೇಬಾರದು ಅಂತಾಗಲಿ, ಲಿಫ್ಟ್ ಹತ್ತಬಾರದು ಅಂತಾಗಲಿ ಅಪಾರ್ಟ್‌ಮೆಂಟ್ ಸಂಘ ನಿಯಮ ಮಾಡಬಾರದು ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಅಂಥ ಬೈಲಾ ನಿಲ್ಲಲ್ಲ ಅಂದಿದೆ. ‘ಫ್ಲ್ಯಾಟಿಗೆ ಒಂದೇ ನಾಯಿ’ ಅಂತ 2018ರಲ್ಲಿ ಬಿಬಿಎಂಪಿ ತಂದಿದ್ದ ಬೈಲಾ ವಿರೋಧ ಬಂದು ನಿಂತುಹೋಯ್ತು.

ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಆಗಿರಬೇಕು. ಕಾರ್ಡಿನಲ್ಲಿ ಬಾಟಲಿಯ ಬ್ಯಾಚ್ ಸ್ಟಿಕ್ಕರ್, ದಿನಾಂಕ, ವೈದ್ಯರ ಸಹಿ ಮೂರೂ ಇರಲಿ. ಬರೀ ‘ಇಂಜೆಕ್ಷನ್ ಆಗಿದೆ’ ಅಂತ ಬರೆದ ಚೀಟಿ ಯಾರೂ ಒಪ್ಪಲ್ಲ.

ಉತ್ತರ: ಮೇಲಿನ ಮಾತಿಗೆ ಒಂದು ತಿದ್ದುಪಡಿ. ಸಂಘ ತಡೆಯೋ ಹಾಗಿಲ್ಲ, ಸರಿ; ಆದರೆ ಮನೆ ಮಾಲೀಕರ ಜೊತೆಗಿನ ಕರಾರು ಬೇರೆಯೇ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ‘ಒಂದು ನಾಯಿ ಇರುವುದು ಮಾಲೀಕರಿಗೆ ತಿಳಿದಿದೆ, ಒಪ್ಪಿದ್ದಾರೆ’ ಅಂತ ಒಂದು ಸಾಲು ಸೇರಿಸಿ. ಅಡ್ವಾನ್ಸ್ ಕೊಡೋ ಮುಂಚೆ ಸೇರಿಸಬೇಕು, ಆಮೇಲೆ ಕೇಳಿದರೆ ಆಗಲ್ಲ. ಬಯಲಲ್ಲಿ ಬೆಳೆದ ನಾಯಿಗೆ ಬಾಲ್ಕನಿ ಅಪಾಯ; ಗ್ರಿಲ್ ಸಂದಿಯಲ್ಲಿ ಅದರ ತಲೆ ತೂರುತ್ತೆ ಅಂದ್ರೆ ಜಾಲರಿ ಕಟ್ಟಿಸಲೇಬೇಕು.

ಉತ್ತರ: ಹುಂಜ ಊರಲ್ಲೇ ಇರಲಿ. ಬೆಳಗಿನ ಜಾವ ನಾಲ್ಕಕ್ಕೆ ಕೂಗಿದರೆ ಮೊದಲ ವಾರದಲ್ಲೇ ದೂರು ಬರುತ್ತೆ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತೆ, ಮರಿ ಆಗಲ್ಲ ಅಷ್ಟೇ. ಆದರೆ ಫ್ಲ್ಯಾಟಿನ ತಾರಸಿ ಎಲ್ಲರದ್ದು, ಬರವಣಿಗೆಯಲ್ಲಿ ಒಪ್ಪಿಗೆ ಇಲ್ಲದೆ ಗೂಡು ಹಾಕಬೇಡಿ.

ವಾಸನೆಗೆ ಕಾರಣ ಹಿಕ್ಕೆ ಅಲ್ಲ, ಒದ್ದೆ. ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು ಹಾಕಿ, ಎರಡು ದಿನಕ್ಕೊಮ್ಮೆ ಕೆದಕಿ. ನೀರಿನ ಬಟ್ಟಲು ಇಟ್ಟಿಗೆ ಮೇಲಿರಲಿ, ಚೆಲ್ಲಿದ ಕಡೆ ಹೊಟ್ಟು ಮುಷ್ಟಿಯಲ್ಲಿ ಹಿಡಿದು ನೋಡಿ: ಉಂಡೆಯಾದರೆ ಅಷ್ಟನ್ನು ತೆಗೆದು ಹೊಸದು ಹಾಕಿ. ಮೂಗಿಗೆ ಘಾಟು ಹೊಡೆದರೆ ತಡವಾಗಿದೆ ಅಂತಲೇ ಅರ್ಥ. ರಾತ್ರಿ ಕಾಳು ಎತ್ತಿಡಿ, ಇಲ್ಲದಿದ್ದರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು.

ಪ್ರಶ್ನೆ: ಗಿಣಿ ಬದಲು ಅತ್ತೆಗೆ ಬೇರೆ ಹಕ್ಕಿ ತರಬಹುದಾ?

ಉತ್ತರ: ಬಡ್ಜಿ ಇಲ್ಲವೇ ಕಾಕಟೀಲ್ ತನ್ನಿ, ಎರಡೂ ಸಣ್ಣ ವಿದೇಶಿ ಗಿಣಿಗಳು, ನೋಂದಣಿ ಬೇಡ. ಆಫ್ರಿಕನ್ ಗ್ರೇ, ಮಕಾವ್‌ನಂಥ ದೊಡ್ಡ ವಿದೇಶಿ ಗಿಣಿ ಆದರೆ 2024ರ ನಿಯಮದಂತೆ ತಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಕಟೀಲ್ ಜೋಡಿಗೆ ರೆಕ್ಕೆ ಪೂರ್ತಿ ಬಿಚ್ಚುವಷ್ಟು ಅಗಲದ ಪಂಜರ ಬೇಕು, ಅಡುಗೆಮನೆಯಿಂದ ದೂರ ಇಡಿ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರೋ ಹೊಗೆಗೆ ಹಕ್ಕಿಗಳು ನಿಮಿಷಗಳಲ್ಲಿ ಸಾಯುತ್ತವೆ.