ಅರ್ಧಕ್ಕೆ ನಿಂತ ಸ್ವೆಟರ್: ಬಿಚ್ಚಬೇಕೆ, ಮುಂದುವರಿಸಬೇಕೆ?

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ

ಎರಡು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಉಲ್ಲನ್ ಹೆಣೆಯುತ್ತಿದ್ದೇನೆ. ಮೊದಲು ಹೆಣೆದ ಒಂದು ಮಫ್ಲರ್ ಮತ್ತು ಎರಡು ಟೋಪಿಗಳು ಚೆನ್ನಾಗಿ ಬಂದವು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ನಡಿಗೆಗೆ ಹೋಗುವ ಮಾವನವರಿಗೆ ಒಂದು ಸ್ವೆಟರ್ ಆಗಲಿ ಎಂದು, ಆ ಧೈರ್ಯದ ಮೇಲೆ ಕಾರ್ತಿಕದಲ್ಲಿ ಕೆಲಸ ಆರಂಭಿಸಿದೆ. ಅಮೆರಿಕದವರೊಬ್ಬರ ವಿಡಿಯೊದಲ್ಲಿ ಹೇಳಿದಂತೆಯೇ 8ನೇ ನಂಬರಿನ ಕಡ್ಡಿ ಕೊಂಡು, ಬೆನ್ನಿನ ಭಾಗಕ್ಕೆ 90 ಕುಣಿಕೆ ಹಾಕಿಕೊಂಡೆ. 50 ಸೆಂಟಿಮೀಟರ್ ಅಗಲ ಬರಬೇಕಾಗಿತ್ತು. 30 ಸೆಂಟಿಮೀಟರ್ ಎತ್ತರ ಹೆಣೆದ ಮೇಲೆ ಅಳೆದು ನೋಡಿದರೆ ಅಗಲ 41 ಮಾತ್ರ ಇದೆ. ಕುಣಿಕೆಗಳನ್ನು ಮೂರು ಬಾರಿ ಎಣಿಸಿದರೂ ಲೆಕ್ಕ ತಪ್ಪಿಲ್ಲ.

ಬೇಸರವಾಗಿ ಅದನ್ನು ಬದಿಗಿಟ್ಟು ಜಾಲರಿ ಡಿಸೈನಿನ ಶಾಲು ಹಿಡಿದೆ. ಅದರಲ್ಲಿ 40 ಸಾಲುಗಳಷ್ಟು ಕೆಳಗೆ ಒಂದು ತಪ್ಪು ಈಗ ಕಣ್ಣಿಗೆ ಬಿದ್ದಿದೆ. ಮಗಳ ಕಾಲುಚೀಲ ಒಂದು ಮುಗಿದಿದೆ, ಅದರ ಜೋಡಿಯನ್ನು ಆರಂಭಿಸಲು ಕೈ ಬರುತ್ತಿಲ್ಲ. ಈ ಮೂರನ್ನೂ ಬಿಚ್ಚಿಹಾಕಬೇಕೆ, ಹೇಗಾದರೂ ಮುಗಿಸಬೇಕೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ, ನಿವೃತ್ತ ಶಿಕ್ಷಕಿ

ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ, ಕೈಯಲ್ಲೂ ತಪ್ಪಿಲ್ಲ. ತಪ್ಪಿರುವುದು ಕಡ್ಡಿಯ ನಂಬರಿನಲ್ಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲೆ ಸಾಮಾನ್ಯವಾಗಿ ಇರುವುದು ಬ್ರಿಟಿಷರ ಹಳೆಯ ನಂಬರು, ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ. 8ನೇ ನಂಬರು ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಅಮೆರಿಕದ ನಂಬರು ಇದಕ್ಕೆ ಪೂರ್ತಿ ವಿರುದ್ಧವಾಗಿ ಏರುತ್ತದೆ. ಅವರ 8 ಎಂದರೆ 5 ಮಿಲಿಮೀಟರ್, ಅವರ 10 ಎಂದರೆ 6 ಮಿಲಿಮೀಟರ್. ವಿಡಿಯೊದಲ್ಲಿ 10 ಸೆಂಟಿಮೀಟರಿಗೆ 18 ಕುಣಿಕೆ ಬರುತ್ತಿದ್ದಿರಬೇಕು, ಏಕೆಂದರೆ 90 ಕುಣಿಕೆಗೆ 50 ಸೆಂಟಿಮೀಟರ್ ಆಗುವುದು ಆ ಲೆಕ್ಕದಲ್ಲಿಯೇ. ನಿಮ್ಮ 4 ಮಿಲಿಮೀಟರ್ ಕಡ್ಡಿಯಲ್ಲಿ ಅದೇ ಜಾಗಕ್ಕೆ 22 ಕುಣಿಕೆ ಕೂತಿವೆ. 90ನ್ನು 22ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 41 ಸೆಂಟಿಮೀಟರೇ ಬರುತ್ತದೆ. ಆದ್ದರಿಂದ ಕಡ್ಡಿಯನ್ನು ಯಾವಾಗಲೂ ಮಿಲಿಮೀಟರಿನಲ್ಲಿಯೇ ಕೇಳಿ ಕೊಳ್ಳಿ.

ನಲವತ್ತು ವರ್ಷಗಳಿಂದ ಹೆಣೆಯುತ್ತಿದ್ದರೂ ನಾನು ಈಗಲೂ ಮಾದರಿ ಚೌಕ ಹೆಣೆಯದೆ ಸ್ವೆಟರಿಗೆ ಕೈಹಾಕುವುದಿಲ್ಲ. ಮದುವೆಯಾದ ಹೊಸತರಲ್ಲಿ ಯಜಮಾನರಿಗೆಂದು ಹೆಣೆದ ಸ್ವೆಟರ್ ಅವರ ಮೊಣಕಾಲಿನ ಹತ್ತಿರಕ್ಕೆ ಇಳಿದಿತ್ತು. ಅವರು ಏನೂ ಹೇಳದೆ ಅದನ್ನು ಎರಡು ಚಳಿಗಾಲ ತೊಟ್ಟರು. ಅವರು ಹಾಗೆ ಸುಮ್ಮನಿದ್ದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು. ಅಂದಿನಿಂದ 15 ಸೆಂಟಿಮೀಟರ್ ಉದ್ದಗಲದ ಚೌಕವೊಂದನ್ನು ಮೊದಲು ಹೆಣೆದು, ಸ್ವೆಟರನ್ನು ಮುಂದೆ ಹೇಗೆ ಒಗೆಯುವೆನೋ ಹಾಗೆಯೇ ಅದನ್ನೂ ಒಗೆದು, ಪೂರ್ತಿ ಒಣಗಿದ ಮೇಲೆ ನಡುವಿನ 10 ಸೆಂಟಿಮೀಟರಿನಲ್ಲಿ ಮಾತ್ರ ಎಣಿಸುತ್ತೇನೆ. ಅಂಚಿನ ಕುಣಿಕೆಗಳು ಸರಿಯಾದ ಅಳತೆಯನ್ನು ತೋರಿಸುವುದಿಲ್ಲ. ಒಗೆಯುವ ಮೊದಲಿನ ಅಳತೆಯನ್ನೂ ನಂಬುವಂತಿಲ್ಲ.

ಬಿಚ್ಚಬೇಕೆ ಎಂದು ಕೇಳಿದ್ದೀರಿ. ಬಿಚ್ಚಿ ಎಂದೇ ಹೇಳುತ್ತೇನೆ. 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 28 ಸಾಲು ಎಂದಿಟ್ಟುಕೊಂಡರೆ, ನೀವು ಹೆಣೆದಿರುವುದು 84 ಸಾಲು, ಅಂದರೆ 7,560 ಕುಣಿಕೆ. ನಿಮಿಷಕ್ಕೆ 20ರಂತೆ ಹೆಣೆಯುವವರಿಗೆ ಅದು ಆರು ಗಂಟೆಗೆ ಸ್ವಲ್ಪ ಮೇಲ್ಪಟ್ಟ ಕೆಲಸ. ಹೊಸಬರಿಗೆ ಹತ್ತು ಹನ್ನೆರಡು ಗಂಟೆ ಹಿಡಿದಿರಬಹುದು. ಅಷ್ಟು ಹೊತ್ತಿನ ದುಡಿಮೆ ಹೋಯಿತೆಂದು ನೋವಾಗುವುದು ಸಹಜ, ಆದರೆ ದಾರ ಎಲ್ಲಿಗೂ ಹೋಗುವುದಿಲ್ಲ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೆ ಸ್ವಲ್ಪ ಭಾರ ತೂಗುಹಾಕಿ ನೆರಳಿನಲ್ಲಿ ಒಣಗಿಸಿದರೆ ಸುಕ್ಕು ಬಹುಮಟ್ಟಿಗೆ ಹೋಗುತ್ತದೆ. ದಾರ ಅಕ್ರಿಲಿಕ್ ಆಗಿದ್ದರೆ ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಅದರ ಹತ್ತಿರ ತರಬೇಡಿ. ಬಿಸಿ ತಾಗಿದರೆ ಅದು ಚಪ್ಪಟೆಯಾಗಿ ತನ್ನ ಪುಟಿತವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ.

ಕೋಲಾರ ಜಿಲ್ಲೆಯ ಕೆಜಿಎಫ್‌ನಿಂದ

ಮೇಲೆ ಬರೆದಿರುವ ಶಿಕ್ಷಕಿಯವರ ಲೆಕ್ಕ ಸರಿಯಾಗಿದೆ, ಆದರೆ ಸ್ವೆಟರನ್ನು ಬಿಚ್ಚಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತಂಗೀ, 41 ಸೆಂಟಿಮೀಟರ್ ಬೆನ್ನು, ಅಷ್ಟೇ ಅಗಲದ ಮುಂಭಾಗ ಸೇರಿದರೆ 82 ಸೆಂಟಿಮೀಟರ್ ಸುತ್ತಳತೆಯಾಗುತ್ತದೆ. ಮೈಯಳತೆಗಿಂತ ಎಂಟು ಹತ್ತು ಸೆಂಟಿಮೀಟರ್ ಸಡಿಲವಿರಬೇಕಾದ್ದರಿಂದ, 72ರಿಂದ 74 ಸೆಂಟಿಮೀಟರ್ ಎದೆಯಳತೆಯ ಹುಡುಗನಿಗೋ ಹುಡುಗಿಗೋ ಅದು ಒಪ್ಪುತ್ತದೆ. ಅಂಥ ಮಕ್ಕಳಿಗೆ ಕಂಕುಳವರೆಗಿನ ಎತ್ತರವೂ 30 ಸೆಂಟಿಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. ನಿಮ್ಮ ನೆಂಟರಿಷ್ಟರಲ್ಲಿ ಅಂಥ ಮಗು ಇದ್ದರೆ ಆ ಬೆನ್ನು ಆಗಲೇ ಮುಗಿಯುತ್ತ ಬಂದಿದೆ ಎಂದೇ ತಿಳಿಯಿರಿ. ಮೊದಲ ಸ್ವೆಟರನ್ನು ಬಿಚ್ಚಿದವರಲ್ಲಿ ಎಷ್ಟೋ ಮಂದಿ ಮತ್ತೆ ಕಡ್ಡಿ ಹಿಡಿಯದಿರುವುದನ್ನು ನಾನು ನೋಡಿದ್ದೇನೆ.

ಶಾಲಿನ ವಿಷಯ ಬೇರೆ. ಬರೀ ಸೀದಾ ಹೆಣಿಗೆಯಾಗಿದ್ದರೆ ತಪ್ಪಿರುವ ಒಂದೇ ಕುಣಿಕೆಯನ್ನು ಕೆಳಕ್ಕೆ ಜಾರಿಸಿ ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ತರಬಹುದಿತ್ತು. ಜಾಲರಿಯಲ್ಲಿ ಅಕ್ಕಪಕ್ಕದ ಕುಣಿಕೆಗಳು ಒಂದರೊಳಗೊಂದು ಸೇರಿ ಕಡಿಮೆಯಾಗುತ್ತ, ದಾರದ ಸುತ್ತಿನಿಂದ ಹೆಚ್ಚುತ್ತ ಹೋಗುವುದರಿಂದ ಅದು ಸುಲಭವಲ್ಲ. ತಪ್ಪಿಗಿಂತ ಎರಡು ಸಾಲು ಕೆಳಗೆ, ಡಿಸೈನ್ ಇಲ್ಲದ ಸಾಲೊಂದನ್ನು ಆರಿಸಿಕೊಂಡು, ಮೊಂಡು ಸೂಜಿಯಲ್ಲಿ ಬೇರೆ ಬಣ್ಣದ ತೆಳು ದಾರ ಪೋಣಿಸಿ, ಪ್ರತಿ ಕುಣಿಕೆಯ ಬಲಗಾಲಿನೊಳಗೆ, ಅಂದರೆ ಬಲಬದಿಯ ಎಳೆಯ ಕೆಳಗೆ, ಅದನ್ನು ಹಾಯಿಸಿ. ನಂತರ ಮೇಲಿನಿಂದ ಬಿಚ್ಚುತ್ತ ಬಂದರೆ ಆ ದಾರದ ಬಳಿ ತಾನಾಗಿ ನಿಲ್ಲುತ್ತದೆ, ಒಂದು ಕುಣಿಕೆಯೂ ಜಾರುವುದಿಲ್ಲ. ಇನ್ನು ಮುಂದೆ ಹೆಣೆಯುವಾಗಲೇ 20 ಸಾಲಿಗೊಮ್ಮೆ ಅಂಥ ದಾರ ಹಾಕಿಡಿ.

ಈ ಉಪಾಯವನ್ನು ನನಗೆ ಹೇಳಿಕೊಟ್ಟವರು ಗಣಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಆಂಟಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಕುಟುಂಬ ಊರು ಬಿಟ್ಟಿತು. ಹೋಗುವಾಗ ತಮ್ಮ ಕಡ್ಡಿಗಳ ಕಟ್ಟನ್ನು ನನಗೆ ಕೊಟ್ಟು ಹೋದರು. ಅವೇ ಕಡ್ಡಿಗಳಲ್ಲಿ ನಾಲ್ಕು ತಿಂಗಳು ಹೆಣೆದ, ಜಡೆ ಡಿಸೈನಿನ ಅಪ್ಪಟ ಉಣ್ಣೆಯ ಕಾರ್ಡಿಗನ್ ಒಂದನ್ನು ಮನೆಯವರು ತಿಳಿಯದೆ ಬಿಸಿನೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ ಹಾಕಿಬಿಟ್ಟರು. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂಥ ಸಣ್ಣ ಸಣ್ಣ ಹುರುಪೆಗಳಿರುತ್ತವೆ; ಬಿಸಿ ನೀರು, ಸೋಪು ಮತ್ತು ಉಜ್ಜಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯ ತುಂಡಿನಂತೆ ಗಟ್ಟಿಯಾಗುತ್ತದೆ. ಹಾಗಾದದ್ದನ್ನು ಬಿಚ್ಚಲೂ ಆಗುವುದಿಲ್ಲ. ಅಂದು ನಾನು ಅತ್ತೆ. ಈಗ ದಿನನಿತ್ಯ ತೊಡುವುದಕ್ಕೆ ಅಕ್ರಿಲಿಕ್ ದಾರ, ನಾನೇ ತಣ್ಣೀರಿನಲ್ಲಿ ಒಗೆಯುವುದಕ್ಕೆ ಮಾತ್ರ ಉಣ್ಣೆ ಎಂದು ನಿಯಮ ಮಾಡಿಕೊಂಡಿದ್ದೇನೆ. ಬೇರೆಯವರಿಗೆ ಉಡುಗೊರೆ ಕೊಡುವಾಗ ಒಗೆಯುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಶಿಡ್ಲಘಟ್ಟದಿಂದ

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆತನ. ಕಾಲು ಮುರಿದು ಮೂರು ತಿಂಗಳು ಮಲಗಿದ್ದಾಗ ಅಕ್ಕನಿಂದ ಹೆಣಿಗೆ ಕಲಿತೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಬಾರದ ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ನೀವು ಮತ್ತೊಂದು ಸ್ವೆಟರಿಗೆ ದಾರ ಕೊಳ್ಳುವವರಿದ್ದೀರಿ. ದಾರದ ಉಂಡೆಯ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರು ಎಂದು ಇನ್ನೊಂದು ಇರುತ್ತದೆ. ಒಂದೇ ಬಾಣಲೆಯಲ್ಲಿ ಬಣ್ಣ ಹಾಕಿದ ದಾರಕ್ಕೆ ಒಂದೇ ಲಾಟ್. ಮನೆಯಲ್ಲಿ ಒಂದೊಂದು ಲಾಟಿನ ಗೂಡನ್ನು ಬೇರೆಬೇರೆಯಾಗಿ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದರೂ, ನಾನು ಮೂರು ಉಂಡೆ ಮೊದಲು ತಂದು, ಸಾಲದೆ ಬಂದಾಗ ತಿಂಗಳ ನಂತರ ಅದೇ ಬಣ್ಣದ ನಂಬರು ನೋಡಿ ಎರಡು ತಂದೆ. ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಬೆಳಿಗ್ಗೆ ಬಿಸಿಲಿನಲ್ಲಿ ಎದೆಯ ಮೇಲೆ ಗೆರೆ ಎಳೆದಂತೆ ಕಂಡಿತು. ಅಷ್ಟನ್ನು ಬಿಚ್ಚಿ, ಹಳೆಯ ಉಂಡೆಯಿಂದ ಎರಡು ಸಾಲು, ಹೊಸ ಉಂಡೆಯಿಂದ ಎರಡು ಸಾಲು ಹೀಗೆ ಬೆರೆಸಿ ಹೆಣೆದ ಮೇಲೆ ಗೆರೆ ಮರೆಯಾಯಿತು. ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಿ.

ತುಮಕೂರು–ಬೆಂಗಳೂರು ರೈಲಿನಲ್ಲಿ ದಿನವೂ ಓಡಾಡುವವರಿಂದ

ಕಾಲುಚೀಲದ ಬಗ್ಗೆ ಹೇಳುತ್ತೇನೆ. ಜೋಡಿಯ ಎರಡನೆಯದು ಬೇಸರ ತರುವುದು ನಿಮಗೊಬ್ಬರಿಗೇ ಅಲ್ಲ. ನಡುವೆ ಉದ್ದನೆಯ ವೈರ್ ಇರುವ ಕಡ್ಡಿಯಲ್ಲಿ ಎರಡು ಉಂಡೆಗಳಿಂದ ಎರಡು ಕಾಲುಚೀಲಗಳನ್ನೂ ಒಟ್ಟಿಗೇ ಹೆಣೆದರೆ ಎರಡೂ ಒಂದೇ ದಿನ ಮುಗಿಯುತ್ತವೆ, ಅಳತೆಯೂ ಹೊಂದುತ್ತದೆ. ಈಗ ಆಗಿರುವ ಒಂದಕ್ಕೆ ಜೋಡಿ ಹೆಣೆಯುವ ಮೊದಲು, ಅದರ ಹಿಮ್ಮಡಿಯವರೆಗೆ ಮತ್ತು ಹಿಮ್ಮಡಿಯಿಂದ ಬೆರಳಿನವರೆಗೆ ಎಷ್ಟು ಸಾಲು ಇವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯವೆಂದರೆ, ರೈಲಿನಲ್ಲಿ ಹೋಗುವಾಗಲೂ ಬರುವಾಗಲೂ ಬಿಡದೆ ಹೆಣೆದು ನನ್ನ ಬಲ ಮಣಿಕಟ್ಟು ಊದಿಕೊಂಡಿತ್ತು. ಮೂರು ವಾರ ಪೂರ್ತಿ ನಿಲ್ಲಿಸಬೇಕಾಯಿತು. ಈಗ ಬೆಳಗಿನ ಪ್ರಯಾಣದಲ್ಲಿ ಮಾತ್ರ ಹೆಣೆಯುತ್ತೇನೆ, ಅದೂ ಟೋಪಿ, ಕಾಲುಚೀಲದಂಥ ಹಗುರವಾದದ್ದನ್ನು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸ್ಕೇಲ್ ಇಟ್ಟು ನೋಡಿದೆ, 10 ಸೆಂಟಿಮೀಟರಿಗೆ ಸರಿಯಾಗಿ 22 ಕುಣಿಕೆ ಇವೆ. ಇಷ್ಟು ದಿನ ನನ್ನ ಕೈಯೇ ಸರಿಯಿಲ್ಲವೆಂದು ಕೊರಗುತ್ತಿದ್ದೆ, ಈಗ ಮನಸ್ಸು ಹಗುರವಾಯಿತು. ನಾದಿನಿಯ ಮಗನ ಎದೆಯಳತೆ ತೆಗೆಸಿದೆ, 73 ಸೆಂಟಿಮೀಟರ್ ಇದೆ. ಆದ್ದರಿಂದ ಕೆಜಿಎಫ್‌ನ ಅಕ್ಕನವರು ಹೇಳಿದಂತೆ ಅದನ್ನು ಬಿಚ್ಚದೆ ಅವನಿಗಾಗಿ ಮುಂದುವರಿಸುತ್ತಿದ್ದೇನೆ. ಶಾಲಿಗೆ ದಾರ ಹಾಯಿಸಿ 42 ಸಾಲು ಬಿಚ್ಚಿದೆ, ಒಂದು ಕುಣಿಕೆಯೂ ಜಾರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುವುದರಿಂದ ಮಾವನವರ ಸ್ವೆಟರ್ ಈ ವರ್ಷಕ್ಕೆ ಆಗದು. ಮುಂದಿನ ಕಾರ್ತಿಕಕ್ಕೆ ಎಂದು ಅವರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. 5 ಮಿಲಿಮೀಟರ್ ಕಡ್ಡಿ ಬೇಕೆಂದು ಅಂಗಡಿಯಲ್ಲಿ ಕೇಳಿದಾಗ ಕೊಟ್ಟದ್ದು 6ನೇ ನಂಬರಿನದು. ಅದರಲ್ಲಿ ಹೆಣೆದ ಮಾದರಿ ಚೌಕವನ್ನು ಇಂದು ಬೆಳಿಗ್ಗೆ ಒಗೆದು ನೆರಳಿನಲ್ಲಿ ಒಣಹಾಕಿದ್ದೇನೆ.