ದನದ ಹುಲ್ಲುಗಾವಲಿಗೆ ಗ್ಲಿರಿಸಿಡಿಯಾ ಬೇಲಿ

ಪ್ರಶ್ನೆ: ಒಂದು ಎಕರೆ ದನ ಮೇಯುವ ಜಾಗಕ್ಕೆ ಪೂರ್ತಿ ಕಲ್ಲುಕಂಬ ದುಬಾರಿ. ಗ್ಲಿರಿಸಿಡಿಯಾ (ಕೊಂಬೆ ನೆಟ್ಟರೆ ಬೇರು ಬಿಟ್ಟು ಚಿಗುರುವ ಗೊಬ್ಬರದ ಗಿಡ) ಗೂಟ ನೆಟ್ಟು ತಂತಿ ಎಳೆಯಬಹುದೇ? ಎಷ್ಟು ಬೇಕು?

ಉತ್ತರ 1: ಧಾರಾಳವಾಗಿ. ಚೌಕ ಎಕರೆಯ ಸುತ್ತಳತೆ ಸುಮಾರು 835 ಅಡಿ. 4 ಅಡಿಗೊಂದರಂತೆ 210 ಗೂಟ. 6–7 ಅಡಿ ಉದ್ದದ ಬಲಿತ ಕೊಂಬೆ ಆರಿಸಿ, ಬುಡ ಓರೆಯಾಗಿ ಕಡಿದು, ಮುಂಗಾರಿನ ಆರಂಭದಲ್ಲಿ ಒಂದೂವರೆ ಅಡಿ ಆಳಕ್ಕೆ ನೆಟ್ಟು ಮಣ್ಣು ತುಳಿಯಿರಿ. ನೀರು ನಿಂತರೆ ಬುಡ ಕೊಳೆಯುತ್ತದೆ.

ಉತ್ತರ 2: ತಂತಿಗೆ ಅವಸರ ಬೇಡ, ದಯವಿಟ್ಟು. ಬೇರು ಹಿಡಿಯುವ ಮೊದಲೇ ಬಿಗಿದರೆ ಗೂಟ ಅಲುಗಾಡಿ ಎಳೆಬೇರು ಹರಿಯುತ್ತದೆ. ಮೂಲೆಗಳಿಗೆ ಮಾತ್ರ ಕಲ್ಲುಕಂಬ ಹಾಕಿ, ಎಳೆತ ಅವು ತಾಳಲಿ. ತಂತಿಯನ್ನು ಮರಕ್ಕೆ ಸುತ್ತಬೇಡಿ; ಮರ ದಪ್ಪವಾದಂತೆ ತೊಗಟೆ ಕೊಯ್ಯುತ್ತದೆ.

ಉತ್ತರ 3: ಸವರಿದ ಸೊಪ್ಪು ಒಳ್ಳೆಯ ಮೇವು. ವಾಸನೆಗೆ ದನ ಮೂಸಿ ಬಿಟ್ಟರೆ ಬಾಡಿಸಿ ಹುಲ್ಲಿನ ಜೊತೆ ಕೊಡಿ. ಆದರೆ ಕುದುರೆಗೆ ಇದು ವಿಷ.